ಯಾರನ್ನ?

ನಕಾಶೆಯ ಮೇಲೆ ತನ್ನ ಹೆಸರಿಗಿಂತ ಚಿಕ್ಕದಾದ ದೇಶದವಳು
ಲಿತಿಯಾನಾ. ಬೆಂಗಳೂರಿಗೆ ಮೂರು ದಿನಕ್ಕೆ ಬಂದಿದ್ದಳು.
ಎರಡು ದಿನ ಹೋಟೆಲಿನ ಸಭಾಂಗಣ,
ಗಾಜಿನ ಬಾಟಲಿಯಲ್ಲಿ ನೀರು,
ಗಾಜಿನದೆಂದು ಮೈಕಿನಲ್ಲಿ ಮೂರು ಸಲ ಹೇಳಿದರು.
ಮೂರನೆಯ ದಿನ ನಾಯಂಡಹಳ್ಳಿ,
ಒಣಕಸ ಕೇಂದ್ರದ ತಗಡಿನ ಸೂರು.
ನಡುವೆ ನಾನು, ದುಭಾಷಿ,
ಗಂಟೆಗೆ ಇಷ್ಟು ಅಂತ ಮಾತಾಡಿಕೊಂಡವನು.

ಕದಿರಮ್ಮ ಏಳಲಿಲ್ಲ. ಗುಡ್ಡೆಯ ಮುಂದೆ ಕೂತೇ
ಒಂದು ಕವರನ್ನು ಕಿವಿಯ ಹತ್ತಿರ ಹಿಡಿದು ಮುದುರಿದಳು.
‘ಚರಚರ ಅಂದ್ರೆ ಪಿಪಿ. ಮೆತ್ತಗೆ ಗೊಣಗಿದ್ರೆ ಹಾಲಿಂದು.
ಬರೀ ಮಿಂಚ್ತಾ ಗಲಾಟೆ ಮಾಡುತ್ತಲ್ಲ, ಚಿಪ್ಸಿಂದು,
ಅದನ್ನ ಯಾರೂ ಕೊಳ್ಳಲ್ಲ.’
ಲಿತಿಯಾನಾಳೂ ಒಂದನ್ನು ಎತ್ತಿಕೊಂಡು
ಶಂಖ ಹಿಡಿವ ಹಾಗೆ ಕಿವಿಗೆ ಹಿಡಿದಳು.

‘ನಿಮ್ಮೂರು ಶ್ರೀರಂಗಪಟ್ಣದ ಥರಾನಾ? ಸುತ್ತಾ ನೀರು?’
ಹೌದು. ದಾಟಲು ಸೇತುವೆಯಿಲ್ಲ, ಅಷ್ಟೆ.
‘ಮತ್ತೆ ಕಸ ಎಲ್ಲಿಗ್ ಹಾಕ್ತೀರಾ?’
ಹಾಕುವುದಕ್ಕೆ ಹೊರಗೆ ಅನ್ನುವುದೇ ಇಲ್ಲ, ಅಂದಳು.
ನಾವು ಹಾಕದಿದ್ದರೂ ಬರುತ್ತದೆ, ರಾತ್ರಿ ಉಬ್ಬರಕ್ಕೆ,
ನಮಗೆ ಓದಲು ಬಾರದ ಲಿಪಿಗಳಲ್ಲಿ.

ಕದಿರಮ್ಮ ಬೆನ್ನ ಹಿಂದಿನ ವೃಷಭಾವತಿಯತ್ತ ತಿರುಗಿದಳು.
ಕಪ್ಪಗೆ, ನೊರೆಯೆದ್ದು, ಬಾಡಿಗೆ ಕಟ್ಟದೆ ಮನೆ ಬಿಟ್ಟವರ ಅವಸರ ಅದಕ್ಕೆ.
‘ನಮ್ದೂ ಬಂದಿರ್ಬೇಕು,’ ಅಂದಳು,
ನೆಂಟರ ವಿಷಯ ಹೇಳುವ ಹಾಗೆ.

‘ಒಂದು ಬರ್ಕೊಳ್ಳಕ್ಕೆ ಹೇಳಿ ಸಾರ್.
ಹಾಲಿನ ಕವರಿನ ಮೂಲೆ ಪೂರ್ತಿ ಕತ್ತರಿಸ್ಬಾರ್ದು.
ಆ ಚೂರು ಯಾರ ಕೈಗೂ ಸಿಕ್ಕಲ್ಲ.’
ಬರೆದುಕೊಂಡಳು. ಅವರ ರಾಷ್ಟ್ರೀಯ ಯೋಜನೆಯ ಕರಡು,
ಅರವತ್ತೆರಡು ಪುಟ, ಅಂಚಿನಲ್ಲೊಂದು ಪುಟ್ಟ ತ್ರಿಕೋನ.

ಆಮೇಲೆ ಹೇಳಿದಳು, ಹತ್ತು ವರ್ಷದಲ್ಲಿ ಇವನ್ನೆಲ್ಲ
ಏನು ಮಾಡುವುದೆಂದು. ಅವಳ ಇಂಗ್ಲಿಷಿನಲ್ಲಿ ಎರಡೇ ಸಣ್ಣ ಪದ.
ನನಗೆ ಸಿಕ್ಕಿದ್ದು ಸರ್ಕಾರಿ ಸುತ್ತೋಲೆಯ ಕನ್ನಡ:
‘ಹಂತ ಹಂತವಾಗಿ ಕೈಬಿಡ್ತಾರಂತೆ.’

ಕದಿರಮ್ಮನ ಕೈ ನಿಂತಿತು.
‘ಯಾರನ್ನ?’

ಕವರುಗಳನ್ನ, ಅನ್ನಬಹುದಿತ್ತು.
ಅದೂ ಪೂರ್ತಿ ನಿಜವಲ್ಲ ಅಂತ ಅಷ್ಟರಲ್ಲಿ ಹೊಳೆಯಿತು.
ಮೇಲೆ ಮೆಟ್ರೋ ಹೋಯಿತು, ತಗಡು ಅದುರಿತು.
ಏನು ಕೇಳಿದರು, ಎಂದು ಲಿತಿಯಾನಾ, ಪೆನ್ನು ಹಿಡಿದು.
ಯಾವಾಗ ಅಂತ ಕೇಳುತ್ತಿದ್ದಾರೆ, ಅಂದುಬಿಟ್ಟೆ.
ಅವಳು ನಗುತ್ತ ಇಸವಿ ಹೇಳಿದಳು.
ಆ ಇಸವಿಯನ್ನು ಹಾಗೆಯೇ ಕದಿರಮ್ಮನಿಗೆ ದಾಟಿಸಿದೆ.

ಅವಳು ಬೆರಳು ಮಡಿಚಿ ಎಣಿಸಿದಳು.
‘ಆವಾಗ ನಂಗೆ ಅರವತ್ತೊಂದು,’ ಅಂದು
ಮತ್ತೆ ಗುಡ್ಡೆಗೆ ಕೈ ಹಾಕಿದಳು.
ಕಿವಿಗೆ ಹಿಡಿಯದೆಯೇ ಬೇರೆ ಮಾಡುತ್ತಿದ್ದಳು ಈಗ, ಬೇಗ ಬೇಗ.

ಚೀಟಿಯಲ್ಲಿ ಬರೆದೆ: ಭಾಷಾಂತರ, ಮೂರೂವರೆ ಗಂಟೆ.
ಸಹಿ ಹಾಕಿದೆ. ದುಡ್ಡು ಸಂಜೆಗೇ ಬಂತು.

ಬೆಳಿಗ್ಗೆ ಹಾಲಿನ ಕವರು ಕತ್ತರಿಸುವಾಗ
ಮೂಲೆ ಪೂರ್ತಿ ಬಂದೇಬಿಟ್ಟಿತು, ಅಭ್ಯಾಸಬಲ.
ಒಲೆಯ ಹಿಂದೆ, ಸಿಂಕಿನ ಜಾಲರಿಯಲ್ಲಿ,
ಮೊಣಕಾಲೂರಿ ಸ್ಟವ್ ಕಟ್ಟೆಯ ಕೆಳಗೆ ಹುಡುಕಿದೆ.
ಸಿಕ್ಕಲಿಲ್ಲ.