ಒರೆ

ಎಲೆಕ್ಷನ್ ತಾರೀಖು ಹೊರಬಿದ್ದ ಮಾರನೇ ದಿನ
ಮಂಡಿ ಮೊಹಲ್ಲಾದ ನನ್ನ ಅಂಗಡಿಗೆ ಸುಗ್ಗಿ.
ಠಾಣೆಗೆ ಒಪ್ಪಿಸುವ ಮುಂಚೆ ಎಲ್ಲರಿಗೂ ಒಟ್ಟಿಗೇ ನೆನಪು:
ತುಕ್ಕು ತೆಗೆಸಿಲ್ಲ, ಎಣ್ಣೆ ಬಿಡಿಸಿಲ್ಲ.
ಹಾಸ್ಟೆಲಿಗೆ ಹೊರಟ ಮಗುವಿಗೆ ಅವಸರದಲ್ಲಿ ತಲೆ ಬಾಚಿದ ಹಾಗೆ.

ಮೊದಲು ಬಂದವನು ಹೂಟಗಳ್ಳಿಯ ಸೈಟು ವ್ಯಾಪಾರಿ.
ಹೊಸ ಪಿಸ್ತೂಲು, ಹೊಸ ಲೈಸೆನ್ಸು, ಹೊಸದೇ ಹೊಟ್ಟೆ.
"ಥಾರ್ಲೋ ಅಂಡ್ ಸನ್ಸು ಸಾಬ್ರೇ, ನೂರೆಂಬತ್ತು ವರ್ಷದ ಕಂಪನಿ.
ಹೆಂಗದೆ ಯೋಳಿ. ಹೆಸರಿಗೇ ಅರ್ಧ ದುಡ್ಡು ಕೊಟ್ಟಿವ್ನಿ."

ನಾನು ಹೆಸರನ್ನು ಕೊನೆಗೆ ಓದುವವನು.
ಮೊದಲು ಸ್ಕ್ರೂ.
ಮಾಡಿದವನಿಗೆ ಅಂದು ಮನೆಗೆ ಹೋಗುವ ಆತುರವಿತ್ತೋ ಇಲ್ಲವೋ
ಸ್ಕ್ರೂವಿನ ತಲೆ ಹೇಳಿಬಿಡುತ್ತದೆ.
ಆಮೇಲೆ ಒಳಗೋಡೆ. ಕಣ್ಣಿಗೆ ಕಾಣುವಲ್ಲಿ ಕನ್ನಡಿ,
ಕಾಣದಲ್ಲಿ ಉಜ್ಜಿಯೇ ಇಲ್ಲ.
ಕಡೆಗೆ ಕಣ್ಣು ಮುಚ್ಚಿ ಕುದುರೆ ಎಳೆದೆ.
ಕಿವಿಗೆ ಬೇಕಾದದ್ದು ಒಂದೇ ಸದ್ದು,
ಹಳೇ ಟ್ರಂಕಿನ ಚಿಲಕ ಬಿದ್ದ ಹಾಗೆ.
ಇದು ಎರಡು ಮಾಡಿತು.
ಎರಡನೆಯದು ಕ್ಷಮೆ ಕೇಳಿದಂತಿತ್ತು.

"ತಡೀರಿ," ಅಂದೆ. ಬೆಂಚಿನ ಮೇಲೆ ಇನ್ನೊಬ್ಬರಿದ್ದರು,
ಪಾಂಡವಪುರದ ನಿಂಗರಾಜಮ್ಮ, ನಿವೃತ್ತ ಹೆಡ್ಮಿಸ್ಟ್ರೆಸ್ಸು.
ವೈರು ಬ್ಯಾಗಿನಿಂದ ಮೊದಲು ದಂಟಿನ ಸೊಪ್ಪು ತೆಗೆದರು,
ಅದರಡಿ ಟವೆಲು, ಟವೆಲಿನೊಳಗೆ
ಕೊಬ್ಬರಿ ಚಿಪ್ಪಿನಷ್ಟು ಗಟ್ಟಿಯಾದ ಚರ್ಮದ ಒರೆ.
ಅಪ್ಪನದು. ಮಂಡ್ಯದ ಸಕ್ಕರೆ ಫ್ಯಾಕ್ಟರಿಯಲ್ಲಿ
ಶನಿವಾರದ ಬಟವಾಡೆ ದುಡ್ಡು ತರುತ್ತಿದ್ದ ಗುಮಾಸ್ತೆ.

ಎಳೆದರೆ ಬಾರದು. ಬಂದಾಗ
ಅದೇ ಹೆಸರು: ಥಾರ್ಲೋ ಅಂಡ್ ಸನ್ಸ್,
ಆದರೆ ಕೈಯಲ್ಲಿ ಕೆತ್ತಿದ್ದು, ಒಂದಕ್ಷರ ಕೊಂಚ ವಾಲಿತ್ತು.
ಸೈಟಿನವನು ಬಗ್ಗಿ ನೋಡಿದ. "ಓ, ನಮ್ದೇ ಕಂಪ್ನಿ!"

ಬಿಚ್ಚಿದೆ. ಒಳಗಿನ ಸ್ಪ್ರಿಂಗು ಕಂಪನಿಯದಲ್ಲ.
ಇದ್ದಿಲ ಒಲೆಯಲ್ಲಿ ಹದ ಬಂದ ನೀಲಿ.
ಮಗ್ಗುಲಲ್ಲಿ, ಭೂತಗನ್ನಡಿಗಷ್ಟೇ ಸಿಗುವ ಒಂದು ಲಾಮ್.
ಲತೀಫ್ ಮಿಸ್ತ್ರಿ. ನನ್ನ ದಾದಾ.

ಅಟ್ಟದ ಮೇಲಿನ ಲೆಕ್ಕದ ಪುಸ್ತಕ ಇಳಿಸಿದೆ:
ಐವತ್ತೆರಡನೇ ಇಸವಿ. ಕಂಪನಿ ಸ್ಪ್ರಿಂಗು ಎರಡು ತುಂಡು.
ಹೊಸದು ಹಾಕಿದ್ದಕ್ಕೆ ಎರಡೂಕಾಲು ರೂಪಾಯಿ.
ಕೆಳಗೆ ಸಣ್ಣಗೆ: 'ಧೂಳು ಕಟ್ಟಿತ್ತು ಎಂದು ಹೇಳಿದೆ.
ಹಳೇ ಅಂಗಡಿಯ ಹೆಸರು, ನಮ್ಮಿಂದ ಕೆಡಬಾರದು.'

ಓದಿ ಹೇಳಿದರೆ ಅವರು ನಗಲಿಲ್ಲ.
"ಆ ವರ್ಷ ಯಲಿಯೂರಿನ ಹತ್ತಿರ ಚೀಲಕ್ಕೆ ಕೈ ಹಾಕಿದರು.
ಅಪ್ಪ ಕುದುರೆ ಎಳೆದರಂತೆ. ಸಿಡಿಯಲಿಲ್ಲ.
ಎದುರಿಗಿದ್ದದ್ದು ಮೀಸೆ ಬಾರದ ಹುಡುಗ,
ಚೀಲ ಬಿಟ್ಟು ಅಲ್ಲೇ ಉಚ್ಚೆ ಹೊಯ್ದುಕೊಂಡನಂತೆ.
ಹತ್ತು ವರ್ಷದ ಮೇಲೆ ಅವನ ಮದುವೆಗೆ ಹೋಗಿದ್ದೆವು.
ನನಗೆ ಎರಡು ಹೋಳಿಗೆ ಬಡಿಸಿದ.
ಅಪ್ಪ ಸಾಯುವವರೆಗೂ ಅನ್ನುತ್ತಿದ್ದರು,
ಇಂಥ ಕಂಪನಿ ಇನ್ನೊಂದಿಲ್ಲ, ಅಂತ."

"ರಿಪೇರಿ ಆದಮೇಲೆ?"
"ಒರೆಯಿಂದ ತೆಗೆಯಲೇ ಇಲ್ಲ."

ಹಾಗಾದರೆ ದಾದಾನ ಕೆಲಸ
ಎಪ್ಪತ್ತು ವರ್ಷ ಒರೆಯಲ್ಲೇ ಇತ್ತು,
ಒರೆಗೆ ಹಚ್ಚಿದವರು ಯಾರೂ ಇಲ್ಲ.

ಜೋಡಿಸಿದೆ. ಕಣ್ಣು ಮುಚ್ಚಿದೆ.
ಒಂದೇ ಸದ್ದು.
ಬೀದಿಯಲ್ಲಿ ಆಟೋದವನೊಬ್ಬ ತಿರುಗಿ ನೋಡಿದ.

ಸೈಟಿನವನು ಬಿಡಲಿಲ್ಲ. "ಒಟ್ನಲ್ಲಿ ಕಂಪ್ನಿ ಹೆಂಗೆ ಸಾಬ್ರೇ?"
"ಹಳೇದು," ಅಂದೆ. "ಠಾಣೆಲಿ ರಸೀದಿ ಮರೀದೆ ಇಸ್ಕೊಳ್ಳಿ."

ನಿಂಗರಾಜಮ್ಮ ದುಡ್ಡೆಷ್ಟು ಎಂದರು. ಬೇಡ ಎಂದೆ.
ಮೇಷ್ಟರ ಕಣ್ಣು ಬಿಟ್ಟು ನೋಡಿ
ಎರಡು ರೂಪಾಯಿ ಎಣಿಸಿಟ್ಟರು,
ಕಾಲು ರೂಪಾಯಿ ಈಗ ಎಲ್ಲೂ ಸಿಗುವುದಿಲ್ಲ ಎಂದರು,
ಸೊಪ್ಪನ್ನು ಮತ್ತೆ ಮೇಲೆ ಹೊದಿಸಿ
ಠಾಣೆಯ ದಾರಿ ಕೇಳಿದರು.