ಬಸವನಹುಳು ಗೆರೆ ದಾಟಿತು

ಜುಬೇದಾ ಮಿಸ್ಸು ಒಳಗೆ ಬಂದವರೇ
ಪುಸ್ತಕ ತೆಗೀರಿ ಅನ್ನಲಿಲ್ಲ.
"ಪಕ್ಕದವರ ಬೆನ್ನಿನ ಮೇಲೆ
ಒಂದು ಬೆರಳು ಇಡಿ" ಅಂದರು.
"ಕತ್ತಿನಿಂದ ಕೆಳಗೆ ಇಳಿಸಿ. ಮೆಲ್ಲಗೆ."

ಸ್ಟೀಫನ್ ಬೆನ್ನ ಮೇಲೆ ನನ್ನ ಬೆರಳು
ಡುಬುಕು ಡುಬುಕು ಇಳಿಯಿತು,
ಸಿಲ್ಕ್ ಬೋರ್ಡಿಗೆ ಹೋಗೋ ಬಸ್ಸು
ಹಂಪು ಹತ್ತಿ ಹಂಪು ಇಳಿದಂತೆ.
ಅವನಿಗೆ ಕಚಗುಳಿ, ನನಗೆ ಲೆಕ್ಕ ತಪ್ಪಿತು.
ಹದಿನೇಳೋ, ಹದಿನೆಂಟೋ,
ಮತ್ತೆ ಮೊದಲಿಂದ.

"ಇದೇ ಬೆನ್ನುಮೂಳೆ.
ಒಂದೇ ಕೋಲಲ್ಲ, ಪೋಣಿಸಿದ ಮಣಿ.
ಕೋಲಾಗಿದ್ದರೆ ಬಿದ್ದ ಪೆನ್ಸಿಲ್ಲು
ಬಗ್ಗಿ ಹೇಗೆ ಎತ್ತಿಕೊಳ್ತೀರಿ?
ಇದು ಇದ್ದರೆ ಕಶೇರುಕ,
ಇಲ್ಲದಿದ್ದರೆ ಅಕಶೇರುಕ.
ಮುಂದೆ ಒಂದು 'ಅ', ಅಷ್ಟೇ."

ಜಗಲಿಯ ಸಿಮೆಂಟಿನ ಮೇಲೆ ಮಿಸ್ಸು
ಉದ್ದಕ್ಕೆ ಒಂದು ಸುಣ್ಣದ ಗೆರೆ ಎಳೆದರು.
ಎಡಕ್ಕೆ 'ಇದೆ', ಬಲಕ್ಕೆ 'ಇಲ್ಲ'.
"ಹೋಗಿ ಹುಡುಕಿ. ಹಿಡೀಬೇಡಿ,
ಬರೀ ಹೆಸರು ತನ್ನಿ."

ರಾತ್ರಿ ಮಡಿವಾಳದಲ್ಲಿ ಮಳೆ ಹೊಯ್ದಿತ್ತು,
ಅಂಗಳದ ತುಂಬ ಹೆಸರುಗಳು ಓಡಾಡುತ್ತಿದ್ದವು.
ನೀರಿನ ಟ್ಯಾಂಕಿನ ಮೇಲೆ ಹದ್ದು.
ನಲ್ಲಿ ಕೆಳಗೆ ಕಪ್ಪೆ, ಕಲ್ಲೇ ಅಂದುಕೊಂಡಿದ್ದೆ,
ಕಣ್ಣು ಮಿಟುಕಿಸಿತು. ಎರಡೂ ಎಡಕ್ಕೆ.
ಎರೆಹುಳ ಬಲಕ್ಕೆ. ಅದರಲ್ಲಿ ಜಗಳವಿಲ್ಲ.

ಬಿಸಿಯೂಟದ ಕೋಣೆಯ ಜಿರಳೆಗೆ ಜಗಳ.
"ಗಟ್ಟಿ ಇದೆ ಮಿಸ್, ತುಳಿದರೆ ಕಟಕ್ ಅನ್ನುತ್ತೆ!"
"ಅದು ಮೇಲೆ ತೊಟ್ಟ ಕೋಟು ಕಣೋ.
ಒಳಗೆ ಒಂದೂ ಮೂಳೆ ಇಲ್ಲ."

ಯಲ್ಲೇಶ ಕೆರೆ ಏರಿಯಲ್ಲಿ ಹೋದ ಭಾನುವಾರ
ನೋಡಿದ್ದ ಕೇರೆಹಾವನ್ನು ತಂದ, ಬಾಯಲ್ಲಿ.
"ಹಗ್ಗದ ಥರ ಸುತ್ತಿಕೊಳ್ಳುತ್ತೆ, ಬಲಕ್ಕೆ ಹಾಕ್ಲಾ?"
"ನಿನಗೆ ಮೂವತ್ತಮೂರು ಮಣಿ,
ಅದಕ್ಕೆ ನೂರಾರು.
ಅದಕ್ಕೇ ಅಷ್ಟು ಬಳುಕು. ಎಡಕ್ಕೆ ಬರೆ."

ನಾನು ಮಾತ್ರ ಮಾತು ಕೇಳಿರಲಿಲ್ಲ.
ಟಿಫಿನ್ ಡಬ್ಬಿಯಲ್ಲಿ, ಪಪ್ಪಾಯಿ ಎಲೆ ಹಾಸಿ,
ದೊಡ್ಡ ಬಸವನಹುಳುವನ್ನೇ ತಂದಿದ್ದೆ.
ಸೀದಾ 'ಇದೆ' ಮೇಲೆ ಇಟ್ಟೆ.
"ಬೆನ್ನ ಮೇಲೆ ಮನೆ ಹೊರುತ್ತಲ್ಲ ಮಿಸ್,
ಬೆನ್ನುಮೂಳೆ ಇಲ್ಲದೆ ಹೇಗೆ ಹೊರುತ್ತೆ?
ಆಮೆನೂ ಹೊರುತ್ತೆ, ಆಮೆ ಎಡಕ್ಕಿದೆ!"

"ಆಮೆಯ ಚಿಪ್ಪಿನ ಒಳಮೈಗೇ
ಬೆನ್ನುಮೂಳೆ ಅಂಟಿಕೊಂಡಿದೆ.
ಇದರ ಚಿಪ್ಪಿನೊಳಗೆ ಬರೀ ಮೆತ್ತಗೆ..."
ಸ್ಟೀಫನ್ ಹೌದೆಂದ, ಯಲ್ಲೇಶ ಅಲ್ಲವೆಂದ,
ನಾನು ಕೋಪದಲ್ಲಿ ಕಾಲು ಅಪ್ಪಳಿಸಿದೆ.
ಗಂಟೆ ಹೊಡೆಯಿತು.

ಕೆಳಗೆ ನೋಡಿದರೆ ಹುಳು ಅಲ್ಲಿಲ್ಲ.
ನಾವು ಕೂಗಾಡುವಷ್ಟು ಹೊತ್ತು
ಅದು ಸುಮ್ಮನೆ, ಕೊಂಬು ನೀಡಿ,
ಬೆಳ್ಳಿ ಅಂಟು ಸವರುತ್ತ ಸವರುತ್ತ
ಸುಣ್ಣದ ಗೆರೆ ದಾಟಿ
ತನ್ನ ಕಡೆಗೆ ತಾನೇ ಹೋಗಿತ್ತು.
ಮಿಸ್ಸಿಗೆ ನಗು ತಡೆಯಲಾಗಲಿಲ್ಲ.
ನನ್ನ ಕೈ ಮಾತ್ರ ಮೂರು ಸಲ ತೊಳೆಸಿದರು.

ರಾತ್ರಿ ಅಪ್ಪ ಬಂದ, ಮಾರ್ಕೆಟ್ಟಿನಲ್ಲಿ
ದಿನವೆಲ್ಲ ಈರುಳ್ಳಿ ಮೂಟೆ ಹೊತ್ತು.
ಚಾಪೆಯ ಮೇಲೆ ಬೋರಲು ಮಲಗಿದ.
ನಾನು ನೋವಿನೆಣ್ಣೆ ಹಚ್ಚುತ್ತ ಎಣಿಸಿದೆ.
ಒಂದು, ಎರಡು, ಮೂರು...
ಅಪ್ಪನ ಮಣಿಗಳು ದೊಡ್ಡವು.

"ಆ ಮೇಸ್ತ್ರಿ ಇದ್ದಾನಲ್ಲ,
ಬೆನ್ನುಮೂಳೆ ಇಲ್ಲದವನು.
ಸಾಹುಕಾರರ ಎದುರು ಬಾಯೇ ಬಿಡಲ್ಲ" ಅಂದ.

"ಹಾಗನ್ನಬಾರದು ಅಪ್ಪ.
ಎರೆಹುಳಕ್ಕೂ ಇಲ್ಲ, ಜೇನಿಗೂ ಇಲ್ಲ,
ಪಾಪ, ಎಷ್ಟು ದುಡೀತವೆ.
ಮೇಸ್ತ್ರಿಗೆ ಮೂಳೆ ಇದೆ. ಇದ್ದೇ ಇದೆ.
ಬೇಕಾದರೆ ನಾಳೆ ಬಂದು
ನಾನೇ ಮುಟ್ಟಿ ಎಣಿಸ್ತೀನಿ."

ಅಪ್ಪ ನಕ್ಕ.
ನಕ್ಕಾಗ ನನ್ನ ಬೆರಳ ಕೆಳಗೆ
ಮಣಿಗಳೆಲ್ಲ ಕುಣಿದವು,
ಹದಿನೇಳೋ, ಹದಿನೆಂಟೋ,
ಮತ್ತೆ ಲೆಕ್ಕ ತಪ್ಪಿತು.