ಬೋಕಿ

ಮೊದಲನೆಯ ಗಡಿಗಿ ಒಡೆದದ್ದು ನನ್ನ ಅವಸರಕ್ಕ.
ಗ್ಯಾಸ್ ಮ್ಯಾಲಿಂದ ಇಳಿಸಿ, ಆಗಷ್ಟೇ ಒರೆಸಿದ್ದ
ಶಹಾಬಾದಿ ಪರಸಿ ಮ್ಯಾಲ ಇಟ್ಟೆ.
ಟಕ್ ಅಂತು. ಜೋರಾಗಿ ಅಲ್ಲ,
ಯಾರೋ ನಾಲಿಗಿ ಲೊಚಗುಟ್ಟಿದಂಗ.
ಆಮ್ಯಾಲ ತೊಗರಿಬ್ಯಾಳಿ, ಸಾವಕಾಶ,
ಪರಸಿಯ ಸಂದು ಹಿಡಕೊಂಡು
ಫ್ರಿಜ್ಜಿನ ಬುಡಕ್ಕ ಹೊಂಟಿತು.

ರಾತ್ರಿಪಾಳಿ ಮುಗಿಸಿ
ದವಾಖಾನಿ ವಾಸನಿ ಸಮೇತ ಬಂದ ಮಹಾನಂದಾ
ಚಪ್ಪಲಿ ಬಿಚ್ಚದೆ, ಬಾಗಿಲದಾಗ ನಿಂತೇ ಕೇಳಿದಳು:
"ಪೇಷಂಟ್ ಉಳೀತೇನು?"
ಆವತ್ತು ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು.

ಕಲಬುರಗಿ ಗಂಜ್ ಹಿಂದಿನ ಓಣ್ಯಾಗ
ತಗಡಿನ ನೆರಳಿಗೆ ಗಡಿಗಿ ಬೋರಲ ಹಾಕಿಕೊಂಡು
ಕುಂಬಾರ ಸುಗಲಾಬಾಯಿ ಕೂಡ್ತಾಳ.
ಜಗಳಕ್ಕಂತಲೇ ಹೋದವ ನಾನು,
ಚೀಲದ ತುಂಬ ಬೋಕಿ ಹೊತ್ತು.
"ನೂರಾ ಎಂಬತ್ತು ಕೊಟ್ಟೀನಿ."
ಆಕಿ ಒಂದು ಚೂರು ಎತ್ತಿ ಮೂಸಿದಳು,
ನಾಲಿಗಿ ತುದಿಗೆ ಹಚ್ಚಿ ನೋಡಿದಳು.
"ಗಂಜಿ ಕುಡಿಸಿಲ್ಲ ನೀ ಇದಕ್ಕ.
ಉಪಾಸ ಇದ್ದದ್ದಕ್ಕ ದುಡಿಲಕ್ಕ ಹಚ್ಚೀದಿ."

ಬೈಕೋತ ಹೇಳಿಕೊಟ್ಟಳು:
ಹಗಲೊಂದು ರಾತ್ರಿಯೊಂದು ನೀರಾಗ ಮುಳುಗಿರಲಿ,
ಗುಳ್ಳಿ ಬಿಡೋದು ನಿಲ್ಲೂತನ.
ಆಮ್ಯಾಲ ಜ್ವಾಳದ ಗಂಜಿ, ಸಣ್ಣ ಉರಿ.
ಕುಸುಬಿ ಎಣ್ಣಿ ಹಚ್ಚು, ಕೂಸಿಗೆ ಹಚ್ಚಿದಂಗ ಅಲ್ಲ,
ಎತ್ತಿನ ಕೋಡಿಗೆ ತಿಕ್ಕಿದಂಗ.
ಇಳಿಸಿದರ ಸಿಂಬಿ ಮ್ಯಾಲ.

ರೊಕ್ಕ ವಾಪಸ್ ಕೊಡಲಿಲ್ಲ.
ಬೋಕಿ ಮಾತ್ರ ಒಂದೂ ಬಿಡದೆ ಇಸಕೊಂಡು
ಮೂಲ್ಯಾಗಿನ ಒಳ್ಳಿಗೆ ಸುರಿದಳು.
ಯಾಕ ಅಂದೆ.
"ಕುಟ್ಟಿ ಹಿಟ್ಟು ಮಾಡಿ ಹೊಸ ಮಣ್ಣಿಗೆ ಕಲಸ್ತೀನಿ.
ಬರೇ ಕೆರಿಮಣ್ಣು ಬೆಂಕಿಗೆ ಅಂಜತದ.
ಒಮ್ಮಿ ಸುಟ್ಟದ್ದು ಜೋಡಿಗಿದ್ದರ
ತಡಕೋತದ."

ಈಗ ಒಲಿ ಮ್ಯಾಲ ಇರೋದು ಎರಡನೆಯದು,
ಕುತ್ತಿಗಿ ಒಂಚೂರು ಸೊಟ್ಟ.
ಪುಂಡಿಪಲ್ಯ ಕುದೀಲತ್ತದ,
ಬ್ಯಾಳಿ, ಜ್ವಾಳದ ನುಚ್ಚು, ಜಜ್ಜಿದ ಬಳ್ಳೊಳ್ಳಿ ಕೂಡ.
ಜರ್ಮನ್ ಬೋಗೋಣ್ಯಾಗ ಈ ಸೊಪ್ಪಿನ ಹುಳಿ
ತಿರುಗಿ ಹಲ್ಲಿಗೇ ಬರತಿತ್ತು,
ಕೋರ್ಟಿನಾಗ ನಾ ದಿನಾ ಟೈಪ್ ಮಾಡೋ ಪಾಟೀಸವಾಲಿನಂಗ.
ಇಲ್ಲಿ ಕಾಲು ಚಾಚಿ ಮಲಗ್ಯದ.

ಗ್ಯಾಸ್ ಆರಿಸಿ ಹತ್ತು ನಿಮಿಷ ಆತು.
ಒಳಗ ಇನ್ನೂ ಗುಳುಗುಳು,
ಹೋಗಿಬರ್ತೀವಿ ಅಂದ ಮ್ಯಾಲೂ
ಹೊಸ್ತಿಲದಾಗ ನಿಂತು ಮಾತಾಡೋ ಬೀಗರಂಗ.

ನನ್ನ ಮೊದಲನೆಯದು ಇದರಾಗ ಎಲ್ಲರ ಅದನೋ ಏನೋ.
ಸುಗಲಾಬಾಯಿಗೆ ಕೇಳಿದ್ದೆ.
"ನಿಂದೂ ಅದ, ಓಣಿ ಮಂದಿದೂ ಅದ,
ಯಾರದು ಯಾವುದಂತ ನಾ ಹೆಂಗ ಹೇಳಲಿ?
ದಾರಿ ಬಿಡು, ಗಿರಾಕಿ ನಿಂತಾರ."

ಏಳು ಗಂಟಿ. ಓಣಿ ತುದಿಗೆ ಸಿಟಿ ಬಸ್ಸಿನ ಬ್ರೇಕ್.
ಮಹಾನಂದಾಳ ಹಳೇ ಬಿಳಿ ಸೀರಿ ಹರಿದು
ಸುತ್ತಿದ ಸಿಂಬಿ, ಅದರ ಮ್ಯಾಲ ಗಡಿಗಿ.
ಕೈಕಾಲು ತೊಳಕೊಂಡು ಬಂದು
ಹೊರಗೈ ತಂದು ಅದರ ಹೊಟ್ಟಿಗೆ ಹಚ್ಚಿ
ಕಣ್ಣು ಮುಚ್ಚಿ ನೋಡಿದಳು.
"ನೂರಾ ಎರಡು ಇರಬೇಕು.
ರೊಟ್ಟಿ ಎಲ್ಲಿ?"